ಎಚ್ಚರವಿದ್ದ ಕೈಯಿಂದಲೂ ಜಾರುತ್ತದೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಆಚರಿಸುತ್ತಿದೆ. ಈ ವಿಷಯಕ್ಕೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಗಡಿಯ ತಲಪಾಡಿಯಿಂದ ಈಚೆಯವು, ಅಂದರೆ ಕೇರಳದ ಕಾಸರಗೋಡು ಕಡೆಯವು, ಅದರಲ್ಲೂ ಆಸ್ಪತ್ರೆಯ ಒಳಗೆ ದುಡಿಯುವವರವು. ಬರೆದವರ ಹೆಸರು, ಆಸ್ಪತ್ರೆಯ ಹೆಸರು ತೆಗೆದಿದ್ದೇವೆ. ಉತ್ತರ ಕೊಟ್ಟವರು ಆಸ್ಪತ್ರೆ ಸಿಬ್ಬಂದಿಗೆ ಇದೇ ವಿಷಯದಲ್ಲಿ ತರಬೇತಿ ನೀಡುವ ವೈದ್ಯರು ಮತ್ತು ನರ್ಸಿಂಗ್ ಬೋಧಕರು.

ಪ್ರಶ್ನೆ: ರಾತ್ರಿ ಡ್ಯೂಟಿಯಲ್ಲಿದ್ದೆ. ಒಬ್ಬರಿಗೆ 20 ಯೂನಿಟ್ ಇನ್ಸುಲಿನ್ ಬರೆದಿದ್ದರು. ಮನೆಯವರು ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್ ತಂದುಕೊಟ್ಟರು, ಪೆನ್ ತಂದಿರಲಿಲ್ಲ. ಸಿರಿಂಜಿಗೆ ಎಳೆದು 20ರ ಗೆರೆಯವರೆಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅವರು ಬೆವರಿ, ಮಾತು ತೊದಲಿ, ಎಚ್ಚರ ತಪ್ಪಿದರು. ಗ್ಲೂಕೋಸ್ ಏರಿಸಿದ ಮೇಲೆ ಸರಿಯಾದರು. ವಿವರಣೆ ಕೇಳಿ ನನಗೆ ಮೆಮೊ ಬಂದಿದೆ. ಮೂರು ವಾರದಿಂದ ನಿದ್ದೆ ಇಲ್ಲ, ಇನ್ಸುಲಿನ್ ಟ್ರೇ ಕಂಡರೆ ಕೈ ನಡುಗುತ್ತದೆ. ನನ್ನ ಅಜಾಗರೂಕತೆ ಒಂದು ಜೀವ ತೆಗೆಯುತ್ತಿತ್ತು. ಈ ಕೆಲಸ ಬಿಡುವುದೇ ಒಳ್ಳೆಯದಲ್ಲವೇ? — ಸ್ಟಾಫ್ ನರ್ಸ್, ಮಂಜೇಶ್ವರ ಕಡೆಯಿಂದ

ಉತ್ತರ: ರಾಜೀನಾಮೆ ಈಗ ಬರೆಯಬೇಡಿ. ಮೂರು ವಾರ ನಿದ್ದೆಗೆಟ್ಟ ತಲೆ ಮಾಡುವ ತೀರ್ಮಾನ ಅದು.

ನಿಮ್ಮ ಪತ್ರದಲ್ಲಿ ಅಜಾಗರೂಕತೆಯ ಮಾತಿದೆ, ಸಿರಿಂಜಿನ ಮುಚ್ಚಳದ ಬಣ್ಣದ ಮಾತಿಲ್ಲ. ಅಲ್ಲಿಂದಲೇ ಶುರು ಮಾಡೋಣ. ನಮ್ಮಲ್ಲಿ ಇನ್ಸುಲಿನ್ ಎರಡು ಗಾಢತೆಯಲ್ಲಿ ಸಿಗುತ್ತದೆ. ಬಾಟಲಿಯದ್ದು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಡ್ಜಿನದ್ದು ಮಿ.ಲೀ.ಗೆ 100. ನಲವತ್ತರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜು, ನೂರರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ನಿಮ್ಮ ಕೈಗೆ ಸಿಕ್ಕಿದ್ದು ಕೆಂಪಿನದ್ದಿರಬೇಕು. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿ.ಲೀ. ಕಾರ್ಟ್ರಿಡ್ಜಿನ ಅರ್ಧ ಮಿ.ಲೀ.ಯಲ್ಲಿ 50 ಯೂನಿಟ್ ಇರುತ್ತದೆ. ಬರೆದದ್ದರ ಎರಡೂವರೆ ಪಟ್ಟು. ನೀವು ಗೆರೆಯನ್ನು ಸರಿಯಾಗಿಯೇ ನೋಡಿದ್ದೀರಿ, ಆ ಗೆರೆ ಆ ಮದ್ದಿಗೆ ಸೇರಿದ್ದಲ್ಲ ಅಷ್ಟೇ.

ಇದೇ ತಪ್ಪು ತಿರುಗುಮುರುಗಾದರೆ, ಅಂದರೆ ಬಾಟಲಿಯ ಇನ್ಸುಲಿನ್ನನ್ನು ಕಿತ್ತಳೆ ಸಿರಿಂಜಿಗೆ ಎಳೆದರೆ, 20ರ ಬದಲು 8 ಯೂನಿಟ್ ಹೋಗುತ್ತದೆ. ಆಗ ಯಾರೂ ಎಚ್ಚರ ತಪ್ಪುವುದಿಲ್ಲ, ಯಾರಿಗೂ ಮೆಮೊ ಬರುವುದಿಲ್ಲ. ಸಕ್ಕರೆ ಇಳಿಯಲಿಲ್ಲ ಎಂದು ಮರುದಿನ ಡಾಕ್ಟರು ಡೋಸ್ ಏರಿಸುತ್ತಾರೆ. ನಾಲ್ಕನೆಯ ದಿನ ಬೇರೆ ಸಿಸ್ಟರ್ ಸರಿಯಾದ ಸಿರಿಂಜು ತೆಗೆದುಕೊಳ್ಳುತ್ತಾರೆ, ರೋಗಿ ಕುಸಿಯುತ್ತಾರೆ. ಆಗ ಮೆಮೊ ಹೋಗುವುದು ಸರಿ ಮಾಡಿದವರಿಗೆ!

ಇನ್ನು ಮೆಮೊ. ಗಂಟೆ ನಿಮಿಷ ಸಹಿತ ನಡೆದದ್ದನ್ನು ಬರೆಯಿರಿ: ಎಷ್ಟು ಹೊತ್ತಿಗೆ ಕೊಟ್ಟಿರಿ, ಎಷ್ಟು ಹೊತ್ತಿಗೆ ಲಕ್ಷಣ ಕಂಡಿತು, ಗ್ಲೂಕೋಮೀಟರ್ ಎಷ್ಟು ತೋರಿಸಿತು, ಏನು ಏರಿಸಿದಿರಿ, ಡಾಕ್ಟರನ್ನು ಯಾವಾಗ ಕರೆದಿರಿ. ಎರಡು ಬಣ್ಣದ ಸಿರಿಂಜೂ ಒಂದೇ ಟ್ರೇಯಲ್ಲಿತ್ತೇ? ಹೊರಗಿನಿಂದ ತಂದ ಕಾರ್ಟ್ರಿಡ್ಜನ್ನು ಏನು ಮಾಡಬೇಕೆಂಬ ಲಿಖಿತ ಸೂಚನೆ ಇತ್ತೇ? ಆ ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಮಂದಿ? ಇದನ್ನೂ ಬರೆಯಿರಿ, ದೂರಿನ ಧಾಟಿ ಬೇಡ. ಕೊನೆಯಲ್ಲಿ ‘ಇನ್ನು ಮುಂದೆ ಜಾಗ್ರತೆ ವಹಿಸುತ್ತೇನೆ’ ಎಂಬ ಸಾಲಿನ ಬದಲು, ಎರಡು ಸಿರಿಂಜಿಗೂ ಬೇರೆ ಬೇರೆ ಡಬ್ಬಿ ಇಡಿ, ಕಾರ್ಟ್ರಿಡ್ಜಿನಿಂದ ಸಿರಿಂಜಿಗೆ ಎಳೆಯುವುದನ್ನೇ ನಿಲ್ಲಿಸಿ ಎಂದು ಕೇಳಿಕೊಳ್ಳಿ. ಕೇಸ್ ಶೀಟಿನಲ್ಲಿ ಆಗ ಬರೆದದ್ದನ್ನು ಮಾತ್ರ ಮುಟ್ಟಬೇಡಿ. ಬಿಟ್ಟುಹೋದದ್ದಿದ್ದರೆ ಈಗಿನ ತಾರೀಖು, ಸಮಯ ಹಾಕಿ ‘ತಡವಾಗಿ ಸೇರಿಸಿದ್ದು’ ಎಂದು ಬರೆದು ಸಹಿ ಹಾಕಿ.

ನಡುಗುವ ಕೈಯ ವಿಷಯಕ್ಕೆ ಬರೋಣ. ತಪ್ಪಿನ ನಂತರ ಸಿಬ್ಬಂದಿ ಅನುಭವಿಸುವ ಈ ಸ್ಥಿತಿಗೆ ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ದಲ್ಲಿ ‘ಎರಡನೆಯ ಬಲಿಪಶು’ ಎಂಬ ಹೆಸರಿಟ್ಟರು. ಮಿಸ್ಸೂರಿ ವಿಶ್ವವಿದ್ಯಾಲಯದ ಸೂಸನ್ ಸ್ಕಾಟ್ ಮತ್ತು ಜತೆಯವರು 2009ರಲ್ಲಿ ಅದರ ಆರು ಹಂತಗಳನ್ನು ಗುರುತಿಸಿದರು: ಮೊದಲ ಗಾಬರಿ, ಮತ್ತೆ ಮತ್ತೆ ಕಣ್ಣಮುಂದೆ ಬರುವ ದೃಶ್ಯ, ಇನ್ನು ನನ್ನನ್ನು ಯಾರು ನಂಬಿಯಾರು ಎಂಬ ಕೊರಗು, ವಿಚಾರಣೆಯನ್ನು ಸಹಿಸುವ ದಿನಗಳು, ಆಸರೆ ಹುಡುಕುವುದು, ಕೊನೆಗೆ ಮುಂದೆ ಸಾಗುವುದು. ಹಂತಗಳು ಸಾಲಾಗಿಯೇ ಬರಬೇಕೆಂದಿಲ್ಲ. ಮುಂದೆ ಸಾಗುವುದರಲ್ಲಿ ಮೂರು ದಾರಿ: ಕೆಲವರು ಆ ವಾರ್ಡನ್ನೋ ಕೆಲಸವನ್ನೋ ಬಿಡುತ್ತಾರೆ, ಕೆಲವರು ಮುಳ್ಳು ಚುಚ್ಚಿಕೊಂಡೇ ದಿನ ದೂಡುತ್ತಾರೆ, ಕೆಲವರು ಆ ವಾರ್ಡಿನ ಪದ್ಧತಿಯನ್ನೇ ಬದಲಿಸಿ ಗಟ್ಟಿಯಾಗುತ್ತಾರೆ. ನೀವು ಇರುವುದು ನಡುವಿನ ಹಂತಗಳಲ್ಲಿ.

ಮಾಡಬೇಕಾದದ್ದು ಇಷ್ಟು. ನಂಬಿಕೆಯ ಒಬ್ಬ ಸಹೋದ್ಯೋಗಿಗೆ ಪೂರ್ತಿ ಹೇಳಿ. ಒಬ್ಬರು ಸಾಕು, ವಾಟ್ಸಾಪ್ ಗುಂಪು ಬೇಡ. ಇನ್‌ಚಾರ್ಜ್ ಹತ್ತಿರ ಮಾತಾಡಿ, ಮುಂದಿನ ಒಂದೆರಡು ವಾರ ಇನ್ಸುಲಿನ್ ಕೊಡುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಲಿ: ನೀವು ಗಾಢತೆ, ಸಿರಿಂಜಿನ ಬಣ್ಣ, ಯೂನಿಟ್ ಮೂರನ್ನೂ ಬಾಯಿಬಿಟ್ಟು ಹೇಳುವುದು, ಅವರು ತಾವೇ ನೋಡಿ ಹೌದೆನ್ನುವುದು. ಟ್ರೇಯಿಂದ ದೂರ ಓಡಿದಷ್ಟೂ ಹೆದರಿಕೆ ಬೆಳೆಯುತ್ತದೆ, ಒಂದೇ ಸಲ ಒಂಟಿಯಾಗಿ ಎದುರಿಸಹೊರಟರೂ ಕೈ ತಪ್ಪುತ್ತದೆ. ನಿದ್ದೆಗೆಂದು ವಾರ್ಡಿನ ಮಾತ್ರೆ ನುಂಗಬೇಡಿ. ನಿದ್ದೆಗೇಡು, ಕಣ್ಣಮುಂದೆ ಬರುವ ದೃಶ್ಯ, ದೂರ ಓಡುವ ಮನಸ್ಸು ಒಂದು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಲೇಬೇಕು. ಟೆಲಿ-ಮಾನಸ್ ಸಹಾಯವಾಣಿ 14416, ಯಾವ ಹೊತ್ತಿಗೂ, ಖರ್ಚಿಲ್ಲದೆ. ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.

‘ನಡೆಯುವವರೆಡಹದೆ ಕುಳಿತವರೆಡಹುವರೆ’ ಎಂಬುದನ್ನು ನಿಮ್ಮ ಮೇಲಧಿಕಾರಿಗಳಿಗೂ ಯಾರಾದರೂ ಹೇಳಬೇಕು.

ಪ್ರಶ್ನೆ: ಸಿಬ್ಬಂದಿಗೆ ತಿಂಗಳಿಗೊಮ್ಮೆ ರೋಗಿ ಸುರಕ್ಷತೆಯ ಕ್ಲಾಸ್ ಮಾಡಬೇಕೆಂದು ಆದೇಶವಿದೆ. ಒಂದು ಗಂಟೆ ಸ್ಲೈಡ್ ತೋರಿಸುತ್ತೇವೆ, ಅರ್ಧ ಜನ ತೂಕಡಿಸುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ಮರುವಾರ ಅದೇ ತಪ್ಪು. ಖರ್ಚಿಲ್ಲದೆ ಹೇಗೆ ಕಲಿಸುವುದು? ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟಿನಿಂದ ಪ್ರಯೋಜನ ಉಂಟೇ? — ನರ್ಸಿಂಗ್ ಮೇಲ್ವಿಚಾರಕಿ, ಕಾಸರಗೋಡು ತಾಲೂಕು

ಉತ್ತರ: ಸ್ಲೈಡ್ ಬಿಡಿ, ಒಂದು ಹಾಸಿಗೆ ಕೊಡಿ ಸಾಕು. ಇದಕ್ಕೆ ‘ತಪ್ಪುಗಳ ಕೋಣೆ’ ಎನ್ನುತ್ತಾರೆ.

ಖಾಲಿ ಹಾಸಿಗೆಯಲ್ಲಿ ಎರಡು ದಿಂಬನ್ನು ಬೆಡ್‌ಶೀಟಿನಲ್ಲಿ ಸುತ್ತಿ ರೋಗಿಯನ್ನು ಮಲಗಿಸಿ. ಕೇಸ್ ಶೀಟ್ ಒಂದು, ಮದ್ದಿನ ಟ್ರೇ ಒಂದು. ಈಗ ಬೇಕೆಂದೇ ಹನ್ನೆರಡು ತಪ್ಪು ಇಡಿ. ಮಂಚದ ಚಕ್ರಕ್ಕೆ ಲಾಕ್ ಹಾಕಬೇಡಿ, ಪಕ್ಕದ ಕಂಬಿ ಇಳಿಸಿಡಿ. ಮೂತ್ರದ ಚೀಲವನ್ನು ಹಾಸಿಗೆಯ ಮೇಲೆ ಇಡಿ. ಆಕ್ಸಿಜನ್ ಹ್ಯುಮಿಡಿಫೈಯರಿನಲ್ಲಿ ನೀರಿಲ್ಲ. ಕೈಗೆ ಹಚ್ಚುವ ದ್ರಾವಣದ ಬಾಟಲಿ ಖಾಲಿ. ಸೂಜಿಯ ಡಬ್ಬಿ ಮುಕ್ಕಾಲು ದಾಟಿ ತುಂಬಿದೆ. ಟ್ರೇಯಲ್ಲಿ ಮದ್ದು ತುಂಬಿದ, ಹೆಸರು ಬರೆಯದ ಒಂದು ಸಿರಿಂಜು, ಮುಚ್ಚಳ ಮತ್ತೆ ಸಿಕ್ಕಿಸಿದ ಒಂದು ಸೂಜಿ. ಇಳಿಯುತ್ತಿರುವ ಡ್ರಿಪ್ಪಿಗೆ ಚೀಟಿ ಇಲ್ಲ. ಇಷ್ಟು ಕಣ್ಣಿಗೆ ಕಾಣುವವು, ಒಂಬತ್ತು. ಉಳಿದ ಮೂರು ಬೇರೆ ಜಾತಿ: ಕೈಪಟ್ಟಿಯಲ್ಲಿ ಒಂದು ಐಪಿ (ಒಳರೋಗಿ) ನಂಬರು, ಕೇಸ್ ಶೀಟಿನಲ್ಲಿ ಇನ್ನೊಂದು; ಮೊದಲ ಪುಟದಲ್ಲಿ ‘ಪೆನಿಸಿಲಿನ್ ಅಲರ್ಜಿ’, ಟ್ರೇಯಲ್ಲಿ ಅದೇ ಜಾತಿಯ ಆಂಪಿಸಿಲಿನ್; ಡಿಸ್ಟಿಲ್ಡ್ ವಾಟರಿನ ಆಂಪೂಲ್‌ಗಳ ನಡುವೆ ಒಂದು ಪೊಟಾಸಿಯಂ ಕ್ಲೋರೈಡ್.

ಇಬ್ಬಿಬ್ಬರನ್ನು ಒಳಗೆ ಬಿಡಿ, ಹತ್ತು ನಿಮಿಷ. ಕಂಡದ್ದನ್ನು ಬರೆಯಲಿ. ಹೆಸರು ಬೇಡ, ಅಂಕವೂ ಬೇಡ. ಆಮೇಲೆ ಇಪ್ಪತ್ತು ನಿಮಿಷ ಎಲ್ಲರೂ ಹಾಸಿಗೆಯ ಸುತ್ತ ನಿಂತು ಮಾತು. ಮೊದಲ ಒಂಬತ್ತರಲ್ಲಿ ಹೆಚ್ಚಿನವು ಸಿಗುತ್ತವೆ. ಕೊನೆಯ ಮೂರು ತಪ್ಪಿಹೋಗುತ್ತವೆ, ಯಾಕೆಂದರೆ ಅವು ಒಂದು ಕಡೆ ಇಲ್ಲ. ಎರಡು ವಸ್ತುಗಳನ್ನು ಅಕ್ಕಪಕ್ಕ ಹಿಡಿದರೆ ಮಾತ್ರ ಕಾಣುತ್ತವೆ. ಕೊಲ್ಲುವಂಥವೂ ಅವೇ. ಚರ್ಚೆ ಹೆಚ್ಚು ಹೊತ್ತು ಇವುಗಳ ಮೇಲೆಯೇ ಇರಲಿ, ಮೂತ್ರದ ಚೀಲಕ್ಕೆ ಒಂದು ನಿಮಿಷ ಸಾಕು. ಸ್ವೀಪರ್‌ಗಳನ್ನೂ ಅಟೆಂಡರ್‌ಗಳನ್ನೂ ಒಳಗೆ ಬಿಡಿ. ಸೂಜಿಯ ಡಬ್ಬಿ ತುಂಬಿದ್ದನ್ನು ಅವರಷ್ಟು ಬೇಗ ಯಾರೂ ಕಾಣುವುದಿಲ್ಲ, ಚುಚ್ಚಿಸಿಕೊಳ್ಳುವವರೂ ಅವರೇ ತಾನೆ.

ಪೊಟಾಸಿಯಂ ಕ್ಲೋರೈಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 15 ಶೇಕಡಾದ 10 ಮಿ.ಲೀ. ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ (ಇಂಥ ಲವಣಗಳನ್ನು ಅಳೆಯುವ ಮಾನ) ಇರುತ್ತದೆ. ನೋಡಲಿಕ್ಕೆ ನೀರು. ಬೆರೆಸದೆ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಕೈಯ ರಕ್ತನಾಳಕ್ಕೆ ಕೊಡುವಾಗ ಸಾಮಾನ್ಯ ಮಿತಿ ಲೀಟರಿಗೆ 40, ಅಂದರೆ ಅರ್ಧ ಲೀಟರಿನ ಬಾಟಲಿಗೆ ಒಂದು ಆಂಪೂಲ್; ವೇಗ ಗಂಟೆಗೆ 10 ದಾಟಬಾರದು, ದಾಟಬೇಕಾದರೆ ಇಸಿಜಿ ಮಾನಿಟರ್ ಬೇಕು. ತೂಗುಹಾಕಿದ ಬಾಟಲಿಗೆ ಕೆಳಗಿನಿಂದ ಚುಚ್ಚಿ ಬಿಡುವವರಿದ್ದಾರೆ. ಅದು ಬೆರೆಯುವುದಿಲ್ಲ, ತಳದಲ್ಲಿ ದಪ್ಪಗೆ ನಿಂತು ಮೊದಲು ಅದೇ ಇಳಿಯುತ್ತದೆ. ಬಾಟಲಿ ಕೆಳಗಿಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗೆ ಮಾಡಿ, ಚೀಟಿ ಅಂಟಿಸಿ, ಮತ್ತೆ ತೂಗುಹಾಕಿ.

ಇದನ್ನೇ ಕಲಿಸಿದರೂ ಒಂದು ದಿನ ತಪ್ಪುತ್ತದೆ. ಹಾಗಾಗಿ ಕ್ಲಾಸಿಗಿಂತ ದೊಡ್ಡದು ಕಪಾಟು. ತಪ್ಪಿನ ನಂತರ ಮಾಡುವ ಕೆಲಸಗಳಲ್ಲಿ ಬಲದ ವ್ಯತ್ಯಾಸವಿದೆ. ಸುತ್ತೋಲೆ, ಎಚ್ಚರಿಕೆಯ ಬೋರ್ಡು, ‘ಮತ್ತೊಮ್ಮೆ ತರಬೇತಿ’ ಇವು ಬಲಹೀನ. ಚೆಕ್‌ಲಿಸ್ಟು, ಇಬ್ಬರು ನೋಡುವುದು, ಬಣ್ಣದ ಚೀಟಿ ಮಧ್ಯಮ. ಬಲವಾದದ್ದೆಂದರೆ ತಪ್ಪು ಮಾಡಲಿಕ್ಕೇ ಆಗದ ಹಾಗೆ ಮಾಡುವುದು: ಸಾಮಾನ್ಯ ವಾರ್ಡಿನಿಂದ ಪೊಟಾಸಿಯಂ ಆಂಪೂಲನ್ನೇ ತೆಗೆದು ಐಸಿಯು, ಫಾರ್ಮಸಿಗಳಲ್ಲಿ ಮಾತ್ರ ಬೀಗದೊಳಗೆ ಇಡುವುದು. ನಿಮ್ಮಲ್ಲಿ ಕಳೆದ ವರ್ಷದ ಘಟನೆಗಳ ಕಡತ ತೆರೆದು ‘ಕೈಗೊಂಡ ಕ್ರಮ’ ಎಂಬ ಕಾಲಮ್ಮನ್ನು ಓದಿ. ಎಲ್ಲಾ ಸಾಲಲ್ಲೂ ‘ಎಚ್ಚರಿಕೆ ನೀಡಲಾಯಿತು’ ಎಂದಿದ್ದರೆ, ಮರುವಾರ ಅದೇ ತಪ್ಪು ಏಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬ್ರಿಟನ್ನಿನ ಮನಃಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ತೂತಿರುವ ಚೀಸ್ ಬಿಲ್ಲೆಗಳ ಹೋಲಿಕೆಯಿಂದ ವಿವರಿಸಿದರು. ನಮ್ಮ ಕ್ಲಾಸಿಗೆ ಚೀಸ್ ಯಾಕೆ, ನಾಲ್ಕು ನೀರುದೋಸೆ ಸಾಕು. ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿ. ಪ್ರತಿ ದೋಸೆಯಲ್ಲೂ ತೂತು ಇದ್ದೇ ಇದೆ, ಆದರೂ ಬೆಳಕು ದಾಟುವುದು ಎಲ್ಲಾ ತೂತು ನೇರ ಬಂದಲ್ಲಿ ಮಾತ್ರ. ಕೊನೆಯ ದೋಸೆ ನರ್ಸಿನ ಕೈ. ವಿಚಾರಣೆ ನಡೆಯುವುದು ಅದರದ್ದು ಮಾತ್ರ.

ಇನ್ನೊಂದು, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳ ಪೆಟ್ಟಿಗೆ. ಅರ್ಧ ಹಾಳೆಯಲ್ಲಿ ಮೂರೇ ಪ್ರಶ್ನೆ: ಏನಾಗುತ್ತಿತ್ತು, ಹೇಗೆ ತಪ್ಪಿತು, ಏನು ಬದಲಿಸಬೇಕು. ಕನ್ನಡ, ಮಲಯಾಳ ಯಾವುದರಲ್ಲಿ ಬರೆದರೂ ಸರಿ, ಹೆಸರು ಬೇಡ. ಇಂಥ ಪೆಟ್ಟಿಗೆ ಮೂರು ತಿಂಗಳಲ್ಲಿ ಸಾಯುವುದು ಹೆದರಿಕೆಯಿಂದ ಮಾತ್ರ ಅಲ್ಲ, ಹಾಕಿದ ಚೀಟಿಗೆ ಉತ್ತರ ಬಾರದೆ. ವಾರಕ್ಕೊಮ್ಮೆ ತೆರೆದು ಬೋರ್ಡಿನಲ್ಲಿ ಹಾಕಿ: ಇದು ಬಂತು, ಇದನ್ನು ಮಾಡಿದೆವು. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಹಾಕಿ.

ಆಪರೇಷನ್ ಥಿಯೇಟರಿನ ಚೆಕ್‌ಲಿಸ್ಟಿನ ಬಗ್ಗೆಯೂ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯದ್ದು 19 ಅಂಶಗಳ ಪಟ್ಟಿ, 2008ರಲ್ಲಿ ಬಂತು. ಹೊಸದಿಲ್ಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿದಾಗ ಸಾವು 1.5 ಶೇಕಡಾದಿಂದ 0.8ಕ್ಕೆ ಇಳಿದಿತ್ತು. ಮುಂದೆ ಕೆನಡಾದ ಒಂಟಾರಿಯೋದಲ್ಲಿ ಎಲ್ಲಾ ಆಸ್ಪತ್ರೆಗೂ ಕಡ್ಡಾಯ ಮಾಡಿದಾಗ ಹೇಳುವಂಥ ಬದಲಾವಣೆ ಕಾಣಲಿಲ್ಲ. 2014ರಲ್ಲಿ ಅದು ಪ್ರಕಟವಾಯಿತು. ಕಾಗದ ಅದೇ. ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ಥಿಯೇಟರ್ ಬಿಡುವ ಮೊದಲು ಎಲ್ಲರೂ ಕೈ ನಿಲ್ಲಿಸಿ ಗಟ್ಟಿಯಾಗಿ ಓದಬೇಕು. ಸಂಜೆ ಕೂತು ಎಲ್ಲಾ ಕೇಸಿಗೂ ಒಟ್ಟಿಗೆ ಟಿಕ್ ಹಾಕುವುದಾದರೆ ಆ ಕಾಗದದಲ್ಲಿ ಪೊಟ್ಟಣ ಕಟ್ಟಬಹುದು.

ಪ್ರಶ್ನೆ: ತಪ್ಪು ಮಾಡಿದವರೇ ‘ಬಲಿಪಶು’ ಎನ್ನುವುದು ಯಾವ ನ್ಯಾಯ? ನಮ್ಮ ಅಮ್ಮ ಬೇರೆಯವರ ಮದ್ದು ಕುಡಿದು ಹತ್ತು ದಿನ ಐಸಿಯುನಲ್ಲಿದ್ದರು. ಯಾರೂ ಬಂದು ಒಂದು ಮಾತು ಹೇಳಲಿಲ್ಲ. — ಕುಂಬಳೆ

ಉತ್ತರ: ನಿಮ್ಮ ಆಕ್ಷೇಪ ಸರಿ. ಆ ಪದವನ್ನೇ ಕೈಬಿಡಬೇಕೆಂದು ರೋಗಿಗಳ ಕುಟುಂಬದವರು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿಯೇ ಬರೆದಿದ್ದಾರೆ. ಹೆಸರು ಏನೇ ಇರಲಿ, ಸಿಬ್ಬಂದಿಗೆ ಆಸರೆ ಕೊಡುವುದು ನಿಮ್ಮಿಂದ ವಿಷಯ ಮುಚ್ಚಿಡುವುದಕ್ಕೆ ನೆಪವಲ್ಲ. ನಿಮ್ಮ ತಾಯಿಯ ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ನಕಲಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದರ ಜತೆಗೇ, ಚಿಕಿತ್ಸೆ ಕೊಟ್ಟ ವೈದ್ಯರೂ ಆಡಳಿತದವರೊಬ್ಬರೂ ಎದುರು ಕೂತು ಮಾತಾಡುವ ಸಭೆ ಕೇಳಿ. ಏನಾಯಿತು, ಯಾಕಾಯಿತು, ಈಗ ಏನು ಬದಲಿಸಿದ್ದೀರಿ ಎಂಬ ಮೂರು ಪ್ರಶ್ನೆ ಬರೆದುಕೊಂಡು ಹೋಗಿ.

ಪ್ರಶ್ನೆ: ತಪ್ಪಾಗಿದೆ ಎಂದು ಮನೆಯವರಿಗೆ ಹೇಳಿದರೆ ಕೇಸ್, ಹೊಡೆತ ಎರಡೂ ಬೀಳಬಹುದು. ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಹೇಗೆ ಹೇಳುವುದು? — ಕಿರಿಯ ವೈದ್ಯ, ಬದಿಯಡ್ಕ ಕಡೆಯಿಂದ

ಉತ್ತರ: ಹೇಳಬೇಕು, ತಡಮಾಡದೆ, ಒಂಟಿಯಾಗಿ ಅಲ್ಲ. ರೋಗಿಯ ಸ್ಥಿತಿ ಹತೋಟಿಗೆ ತಂದ ಕೂಡಲೇ ಹಿರಿಯ ವೈದ್ಯರಿಗೆ, ಸೂಪರಿಂಟೆಂಡೆಂಟರಿಗೆ ತಿಳಿಸಿ. ಅದೇ ದಿನ, ಹೆಚ್ಚೆಂದರೆ 24 ಗಂಟೆಯೊಳಗೆ ಮನೆಯವರೊಂದಿಗೆ ಕೂರಿ. ವರಾಂಡದಲ್ಲಿ ನಿಂತುಕೊಂಡು ಬೇಡ, ಬಾಗಿಲಿರುವ ಕೋಣೆ, ಎಲ್ಲರಿಗೂ ಕುರ್ಚಿ. ಅವರ ಕಡೆಯಿಂದ ಇಬ್ಬರು ಮೂವರು, ನಿಮ್ಮ ಕಡೆಯಿಂದ ಹಿರಿಯರೊಬ್ಬರು, ಅವರ ಭಾಷೆ ಬಲ್ಲ ಸಿಸ್ಟರ್ ಒಬ್ಬರು. ಮೊಬೈಲ್ ಸೈಲೆಂಟ್.

ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬನ್ನಿ. ‘ನಿಮ್ಮ ತಂದೆಗೆ ಬೆಳಿಗ್ಗೆ ಕೊಡಬೇಕಾದ ಮದ್ದಿನ ಬದಲು ಬೇರೆ ಮದ್ದು ಹೋಗಿದೆ. ಅದರಿಂದ ಬಿಪಿ ಇಳಿಯಿತು. ಹೀಗಾಗಬಾರದಿತ್ತು, ನಮಗೆ ಬೇಸರವಿದೆ.’ ಇಷ್ಟು ಹೇಳಿ ನಿಲ್ಲಿ. ಆ ಮೌನ ಉದ್ದ ಅನಿಸುತ್ತದೆ, ತುಂಬಿಸಹೋಗಬೇಡಿ. ಆಮೇಲೆ ಈಗಿನ ಸ್ಥಿತಿ, ಮಾಡುತ್ತಿರುವ ಚಿಕಿತ್ಸೆ, ಮುಂದೆ ಯಾರು ಯಾವಾಗ ವಿವರ ಕೊಡುತ್ತಾರೆ. ಯಾಕಾಯಿತೆಂಬುದು ಇನ್ನೂ ಖಚಿತವಿಲ್ಲದಿದ್ದರೆ ‘ಪರಿಶೀಲಿಸುತ್ತಿದ್ದೇವೆ, ಬುಧವಾರ ಹನ್ನೊಂದಕ್ಕೆ ಹೇಳುತ್ತೇವೆ’ ಎನ್ನಿ, ಬುಧವಾರ ಹನ್ನೊಂದಕ್ಕೆ ಅಲ್ಲಿರಿ. ‘ಸಿಸ್ಟರ್ ತಪ್ಪು ಮಾಡಿದರು’ ಎಂದೋ, ‘ತಪ್ಪಾಗಿದ್ದರೆ ಕ್ಷಮಿಸಿ’ ಎಂದೋ ಹೇಳಬೇಡಿ. ಆ ‘ಇದ್ದರೆ’ ಎಂಬ ಪದ ಕಿವಿಗೆ ಬಿದ್ದಲ್ಲಿಂದ ಜಗಳ ಶುರು. ಸಭೆ ಮುಗಿದ ಮೇಲೆ ಯಾರಿದ್ದರು, ಏನು ಹೇಳಿದಿರಿ, ಏನು ಕೇಳಿದರು ಎಲ್ಲವನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ.

ಕಾನೂನಿನ ಭಯ ಇದ್ದದ್ದೇ. ಭಾರತೀಯ ನ್ಯಾಯ ಸಂಹಿತೆಯ 106(1)ರ ಪ್ರಕಾರ ವೈದ್ಯಕೀಯ ಚಿಕಿತ್ಸೆಯ ನಡುವೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಸಜೆ ಮತ್ತು ದಂಡ. ಆದರೆ ಎಲ್ಲಾ ತಪ್ಪೂ ಅಪರಾಧವಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯವೇ ಇರಬೇಕು, ಪೊಲೀಸರು ಮುಂದುವರಿಯುವ ಮೊದಲು ಅದೇ ಕ್ಷೇತ್ರದ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದಿದೆ. ನಿಮ್ಮನ್ನು ನಿಜವಾಗಿ ಮುಳುಗಿಸುವುದು ತಿದ್ದಿದ ದಾಖಲೆ. ಪೆನ್ನಿನ ಬಣ್ಣ ಬೇರೆ, ನಡುವೆ ತುರುಕಿದ ಸಾಲು, ಹರಿದ ಹಾಳೆ, ಇವು ವಕೀಲರ ಕಣ್ಣಿಗೆ ಮೊದಲು ಬೀಳುತ್ತವೆ. ಹೊಡೆತದ ವಿಷಯದಲ್ಲಿ: ಕೇರಳದಲ್ಲಿ ಆಸ್ಪತ್ರೆ ಸಿಬ್ಬಂದಿಯ ರಕ್ಷಣೆಗೆ 2012ರ ಕಾಯಿದೆ ಇದೆ, 2023ರಲ್ಲಿ ಬಿಗಿಗೊಳಿಸಿದ್ದಾರೆ. ಸಭೆಯ ಹೊತ್ತಿಗೆ ಭದ್ರತಾ ಸಿಬ್ಬಂದಿ ಹೊರಗಿರಲಿ, ಕೋಣೆಯೊಳಗೆ ಬೇಡ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಸಿಬ್ಬಂದಿ ಹೆಚ್ಚಿನವರು ತೆಂಕಣದ ಜಿಲ್ಲೆಗಳಿಂದ ಬಂದ ಮಲಯಾಳಿಗಳು. ರೋಗಿಗಳು ಕನ್ನಡ, ತುಳು. ಭಾಷೆಯಿಂದಲೂ ತಪ್ಪಾಗುವುದುಂಟೇ? — ಆಶಾ ಕಾರ್ಯಕರ್ತೆ, ಎಣ್ಮಕಜೆ

ಉತ್ತರ: ಉಂಟು. ಏನೂ ಅರ್ಥವಾಗದಿದ್ದರೆ ಅಪಾಯ ಕಡಿಮೆ, ಮತ್ತೆ ಕೇಳುತ್ತಾರೆ. ಅರ್ಥವಾಯಿತೆಂದು ಇಬ್ಬರೂ ತಲೆಯಾಡಿಸುವುದೇ ಅಪಾಯ. ಏಳು ಭಾಷೆಯ ಊರು ಎಂದು ಹೆಮ್ಮೆಪಡುವ ನಾವು ವಾರ್ಡಿನಲ್ಲಿ ಅದರ ಲೆಕ್ಕ ಇಟ್ಟಿಲ್ಲ.

ಮಲಯಾಳದಲ್ಲಿ ‘ಮುಟ್ಟುವೇದನ’ ಎಂದರೆ ಮೊಣಕಾಲು ನೋವು. ಕನ್ನಡದ ಹೆಂಗಸು ಕೇಳಿಸಿಕೊಳ್ಳುವುದು ಮುಟ್ಟಿನ ನೋವು, ನಾಚಿಕೊಂಡು ಹೌದೆನ್ನುತ್ತಾಳೆ ಅಥವಾ ಇಲ್ಲವೆನ್ನುತ್ತಾಳೆ, ಎರಡೂ ತಪ್ಪು ಉತ್ತರವೇ. ‘ಶ್ವಾಸಂಮುಟ್ಟ್’ ಎಂದರೆ ಉಬ್ಬಸ. ‘ಶರ್ಕರ’ ಅಲ್ಲಿ ಬೆಲ್ಲ, ಸಕ್ಕರೆಗೆ ‘ಪಂಚಸಾರ’. ಪಂಚಸಾರ ಬೇಡ ಎಂದರೆ ನಮ್ಮ ಅಜ್ಜಿ ಯಾವುದೋ ಪಂಚಾಮೃತ ಎಂದುಕೊಂಡಾರು. ‘ರಂಡು ನೇರಂ’ ಎಂದರೆ ದಿನಕ್ಕೆ ಎರಡು ಹೊತ್ತು. ಎಲ್ಲಕ್ಕಿಂತ ಕೆಟ್ಟದ್ದು ‘ತಿಂಗಳಾಳ್ಚ’: ಅದು ಸೋಮವಾರ. ಕನ್ನಡದವರಿಗೆ ಕೇಳುವುದು ‘ತಿಂಗಳು’. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮದ್ದು. ತಿಂಗಳಿಗೊಮ್ಮೆ ತಿಂದರೆ ರೋಗ ಏರುತ್ತದೆ. ‘ತಿಂಗಳಿಡೀ’ ಎಂದು ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರುತ್ತದೆ.

ನೀವು ಮನೆಮನೆಗೆ ಹೋಗುವವರು, ನಿಮ್ಮಿಂದ ಆಗುವುದು ಬಹಳ. ಡಿಸ್ಚಾರ್ಜ್ ಆಗಿ ಬಂದವರ ಮದ್ದಿನ ಲಕೋಟೆಗಳನ್ನು ಚಾಪೆಯ ಮೇಲೆ ಹರಡಿಸಿ. ‘ಗೊತ್ತಾಯ್ತಾ?’ ಎಂದು ಕೇಳಬೇಡಿ, ಆಯ್ತು ಎಂದೇ ಹೇಳುತ್ತಾರೆ. ‘ಇದನ್ನು ಹೇಗೆ ತಿಂತೀರಿ, ನನಗೆ ತೋರಿಸಿ’ ಎನ್ನಿ. ‘1-0-1’ ಎಂದು ಬರೆದದ್ದರ ಮೇಲೆ ಸೂರ್ಯ, ಚಂದ್ರನ ಚಿತ್ರ ಬಿಡಿಸಿ. ವಾರದ ಮದ್ದಿಗೆ ವಾರದ ಹೆಸರನ್ನೇ ಕನ್ನಡದಲ್ಲಿ ದಪ್ಪಗೆ ಬರೆಯಿರಿ: ಸೋಮವಾರ ಮಾತ್ರ. ವಾರ್ಡಿನವರಿಗೂ ಒಂದು ಮಾತು: ‘ನೀವು ನಾರಾಯಣ ಅಲ್ವಾ?’ ಎಂದು ಕೇಳಿದರೆ ಕಿವಿ ಮಂದವಾದ ಅಬ್ದುಲ್ಲನವರೂ ಹೌದು ಎನ್ನುತ್ತಾರೆ. ‘ನಿಮ್ಮ ಹೆಸರು ಹೇಳಿ’ ಎನ್ನಬೇಕು, ಐಪಿ ನಂಬರು ತಾಳೆ ನೋಡಬೇಕು. ಮಂಚದ ನಂಬರು ಗುರುತಲ್ಲ. ಫ್ಯಾನಿನ ಗಾಳಿಗೆಂದು ಮಂಚ ಬದಲಿಸಿಕೊಳ್ಳುವವರು ಎಲ್ಲಾ ವಾರ್ಡಿನಲ್ಲೂ ಇದ್ದಾರೆ.

ಪ್ರಶ್ನೆ: ಮಂಗಳೂರಿಗೆ ರೆಫರ್ ಮಾಡುವಾಗ ಆಂಬುಲೆನ್ಸಿನಲ್ಲಿ ಏನೇನು ಖಚಿತಪಡಿಸಿಕೊಳ್ಳಬೇಕು? — ಆಂಬುಲೆನ್ಸ್ ತಂತ್ರಜ್ಞ, ಉಪ್ಪಳ

ಉತ್ತರ: ಎರಡು ವಿಷಯ: ಮಾತು ಮತ್ತು ಗಾಳಿ. ಹೊರಡುವ ಮೊದಲೇ ಅತ್ತಲಿನ ಕ್ಯಾಶುವಲ್ಟಿಗೆ ಫೋನ್ ಮಾಡಿ ನಾಲ್ಕು ಭಾಗದಲ್ಲಿ ಹೇಳಿ. ಈಗೇನಾಗಿದೆ, ಹಿನ್ನೆಲೆಯೇನು (ಯಾವ ಮದ್ದು ಎಷ್ಟು ಗಂಟೆಗೆ ಕೊಟ್ಟಿದೆ ಎಂಬುದೂ ಸೇರಿ), ನಿಮ್ಮ ಅಂದಾಜೇನು, ಅವರಿಂದ ಏನು ಬೇಕು. ಅಮೆರಿಕದ ಜಲಾಂತರ್ಗಾಮಿಗಳ ರೂಢಿಯಿಂದ ಆಸ್ಪತ್ರೆಗೆ ಬಂದ ಕ್ರಮ ಇದು. ಕೇಳಿಸಿಕೊಂಡವರು ತಿರುಗಿ ಹೇಳಲಿ. ರೆಫರಲ್ ಚೀಟಿಯಲ್ಲಿ ಮದ್ದಿನ ಸಮಯ ಇಲ್ಲದಿದ್ದರೆ ತಲಪಾಡಿ ದಾಟಿದ ಮೇಲೆ ಅದೇ ಇಂಜೆಕ್ಷನ್ ಎರಡನೇ ಸಲ ಬೀಳುತ್ತದೆ.

ಆಕ್ಸಿಜನ್ ಲೆಕ್ಕ ಸುಲಭ. 10 ಲೀಟರ್ ನೀರು ಹಿಡಿಯುವ ಬಿ ಟೈಪ್ ಸಿಲಿಂಡರಿನಲ್ಲಿ ಗೇಜು 150 ಬಾರ್ ತೋರಿಸಿದರೆ ಸುಮಾರು 1,500 ಲೀಟರ್ ಇದೆ. ನಿಮಿಷಕ್ಕೆ 10 ಲೀಟರಿನಂತೆ 150 ನಿಮಿಷ. ಗೇಜು 50ಕ್ಕೆ ಇಳಿದಿದ್ದರೆ 50 ನಿಮಿಷ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿ.ಮೀ., ಆದರೆ ಹೆದ್ದಾರಿಯ ತಡೆ ನಿಮಗೇ ಗೊತ್ತು. ಅಂದಾಜು ಸಮಯದ ಎರಡು ಪಟ್ಟಿನಷ್ಟು ಇಲ್ಲದಿದ್ದರೆ ಹೊರಡಬೇಡಿ. ಕೀಲಿ ಸಿಲಿಂಡರಿಗೇ ದಾರದಲ್ಲಿ ಕಟ್ಟಿರಲಿ.

ಪ್ರಶ್ನೆ: ಮಗುವಿಗೆ ಜ್ವರ. ಡಾಕ್ಟರು ‘ಪ್ಯಾರಸಿಟಮಾಲ್ 6 ಮಿ.ಲೀ.’ ಬರೆದರು. ಅಂಗಡಿಯಲ್ಲಿ ಸಿರಪ್ ಇಲ್ಲವೆಂದು ಡ್ರಾಪ್ಸ್ ಕೊಟ್ಟರು. ಅದೇ 6 ಮಿ.ಲೀ. ಕೊಡಬಹುದೇ? — ಮುಳ್ಳೇರಿಯ

ಉತ್ತರ: ಕೊಡಬೇಡಿ. ಡ್ರಾಪ್ಸ್ ಸಾಮಾನ್ಯವಾಗಿ ಮಿ.ಲೀ.ಗೆ 100 ಮಿ.ಗ್ರಾಂ, ಸಿರಪ್ 5 ಮಿ.ಲೀ.ಗೆ 125 ಅಥವಾ 250. 10 ಕಿಲೋದ ಮಗುವಿಗೆ ಒಂದು ಹೊತ್ತಿಗೆ 150 ಮಿ.ಗ್ರಾಂ ಎಂದರೆ 125ರ ಸಿರಪ್ 6 ಮಿ.ಲೀ., 250ರದ್ದು 3, ಡ್ರಾಪ್ಸ್ ಒಂದೂವರೆ ಮಾತ್ರ. 6 ಮಿ.ಲೀ. ಡ್ರಾಪ್ಸ್ ನಾಲ್ಕು ಪಟ್ಟಾಗುತ್ತದೆ. ಚೀಟಿಯಲ್ಲಿ ಮಿ.ಗ್ರಾಂ ಕೂಡ ಬರೆಯಿರಿ ಎಂದು ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಅಳತೆಗೆ ಬಾಟಲಿಯ ಜತೆ ಬಂದ ಡ್ರಾಪರ್, ಅಡಿಗೆಮನೆಯ ಚಮಚ ಅಲ್ಲ. ಈಗಾಗಲೇ ಕೊಟ್ಟಿದ್ದರೆ ಮಗು ಆಡುತ್ತಿದ್ದರೂ ಬಾಟಲಿ ಹಿಡಿದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೆಂಡತಿ ನರ್ಸ್. ಅವಳ ವಾರ್ಡಿನಲ್ಲಿ ಏನೋ ಆಗಿದೆ, ಹೇಳುವುದಿಲ್ಲ. ಊಟ ಬಿಟ್ಟಿದ್ದಾಳೆ. ನಾನೇನು ಮಾಡಲಿ? — ಪೆರ್ಲ

ಉತ್ತರ: ಏನಾಯಿತು ಎಂದು ಅಗೆಯಬೇಡಿ. ರೋಗಿಯ ವಿಷಯ ಹೊರಗೆ ಹೇಳುವ ಹಾಗಿಲ್ಲ ಎಂಬ ಕಟ್ಟುಪಾಡೂ ಅವರಿಗಿದೆ. ‘ಬಿಡು, ಎಲ್ಲರಿಗೂ ಆಗ್ತದೆ’ ಎಂಬ ಮಾತು ಸಮಾಧಾನದ ಹಾಗೆ ಕಂಡರೂ ಬಾಗಿಲು ಮುಚ್ಚುತ್ತದೆ. ‘ನೀನು ಹೇಳಿದರೆ ಕೇಳುತ್ತೇನೆ, ಹೇಳದಿದ್ದರೂ ಇಲ್ಲೇ ಇದ್ದೇನೆ’ ಎನ್ನಿ, ಗಂಜಿಯಾದರೂ ಬಡಿಸಿ ಎದುರು ಕೂರಿ. ಡ್ಯೂಟಿಗೆ ಹೋಗುವ ಮೊದಲ ಕೆಲವು ದಿನ ಬಸ್ಸಿನವರೆಗಲ್ಲ, ಆಸ್ಪತ್ರೆಯ ಗೇಟಿನವರೆಗೆ ಬಿಟ್ಟುಬನ್ನಿ. ವಾರ್ಡಿನಲ್ಲಿ ಅವರಿಗೆ ಆಪ್ತರಾದ ಒಬ್ಬ ಸಿಸ್ಟರ್‌ಗೆ ಫೋನ್ ಮಾಡಿ, ‘ಅವಳು ಸರಿ ಇಲ್ಲ, ಸ್ವಲ್ಪ ನೋಡಿಕೊಳ್ಳಿ’ ಎಂದಷ್ಟೇ ಹೇಳಿ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಮದ್ದುಗಳನ್ನು ಬೇರೆಯವರ ಮನೆಗೆ ಸಾಗಿಸಿ, 14416ಕ್ಕೆ ನೀವೇ ಕರೆ ಹಚ್ಚಿ ಫೋನ್ ಅವರ ಕೈಗೆ ಕೊಡಿ.